ಇಕ್ಕೇರಿಗೆ ಬಂದಿದ್ದ ರೋಮ್‌ನ ಯಾತ್ರಿಕ, ಆತ ಬರೆದಿಟ್ಟ ಜಕ್ಕಮ್ಮನ ಹೆಸರು

ಸಾಗರ: ಇಕ್ಕೇರಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಅಘೋರೇಶ್ವರ ದೇವಸ್ಥಾನ. ಸಾಗರ ಪೇಟೆಯಿಂದ ಐದಾರು ಕಿಲೋಮೀಟರ್ ದೂರದ ಈ ಊರು ನಾಲ್ಕು ನೂರು ವರ್ಷದ ಹಿಂದೆ ಕೆಳದಿ ಅರಸರ ರಾಜಧಾನಿ. 1623ರ ನವೆಂಬರ್ ತಿಂಗಳಲ್ಲಿ ಇಲ್ಲಿನ ಬೀದಿ ಹೇಗಿತ್ತು, ಜನ ಹೇಗಿದ್ದರು ಅಂತ ಇವತ್ತು ತಿಳಿಯೋದು ಇಟಲಿಯ ಒಬ್ಬ ಯಾತ್ರಿಕ ತನ್ನ ಗೆಳೆಯನಿಗೆ ಬರೆದ ಕಾಗದಗಳಿಂದ. ಆತನ ಹೆಸರು ಪಿಯೆತ್ರೊ ಡೆಲ್ಲಾ ವಲ್ಲೆ.

ಯಾರೀತ?

ಹುಟ್ಟಿದ್ದು 1586ರಲ್ಲಿ, ರೋಮ್ ನಗರದ ದೊಡ್ಡ ಮನೆತನದಲ್ಲಿ. ಪ್ರೀತಿಸಿದ ಹುಡುಗಿ ಕೈತಪ್ಪಿದಾಗ ಮನಸ್ಸು ಮುರಿದು ನೇಪಲ್ಸ್ ಪಟ್ಟಣಕ್ಕೆ ಹೋದ. ಅಲ್ಲಿ ಮಾರಿಯೊ ಸ್ಕಿಪಾನೊ ಅನ್ನೋ ವೈದ್ಯ ಗೆಳೆಯನಿದ್ದ. ಸುಮ್ಮನೆ ಕೊರಗುತ್ತಾ ಕೂರಬೇಡ, ಪೂರ್ವ ದೇಶಗಳನ್ನು ನೋಡಿ ಬಾ ಅಂತ ದಾರಿ ತೋರಿಸಿದವನು ಅವನೇ. ನೋಡಿದ್ದನ್ನೆಲ್ಲ ಗೆಳೆಯನಿಗೆ ಬರೆಯುವುದು ಅಂತ ಆಯ್ತು. 1614ರ ಜೂನ್‌ನಲ್ಲಿ ವೆನಿಸ್‌ನಿಂದ ಹಡಗು ಹತ್ತಿದ.

ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್ ಮುಗಿಸಿ, ಮರುಭೂಮಿ ದಾಟಿ ಬಾಗ್ದಾದ್ ಸೇರಿದ. ಅಲ್ಲಿ 1616ರಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಆಮೇಲೆ ಇಬ್ಬರೂ ಪರ್ಷಿಯಾದಲ್ಲಿ, ಶಾ ಅಬ್ಬಾಸ್ ದೊರೆಯ ಕಾಲದಲ್ಲಿ, ಕೆಲವು ವರ್ಷ ಇದ್ದರು. ಭಾರತದ ಕಡೆ ಹಡಗು ಹಿಡಿಯಲು ಹೊರಮುಜ್ ಹತ್ತಿರ ಬಂದಾಗ ಮಾನಿ ಕಾಯಿಲೆ ಬಿದ್ದಳು. 1621ರ ಡಿಸೆಂಬರ್ 30ರಂದು ತೀರಿಕೊಂಡಳು. ಪರದೇಶದಲ್ಲಿ ಹೆಂಡತಿಯನ್ನು ಮಣ್ಣು ಮಾಡಿ ಬಿಟ್ಟುಬರಲು ಆತನಿಗೆ ಮನಸ್ಸು ಬರಲಿಲ್ಲ. ದೇಹ ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ತನ್ನ ಸಾಮಾನಿನ ಜೊತೆ ಸಾಗಿಸತೊಡಗಿದ.

ಕಾಳುಮೆಣಸಿನ ನಾಡಿಗೆ ಪಯಣ

1623ರ ಫೆಬ್ರವರಿಯಲ್ಲಿ ಸೂರತ್, ಏಪ್ರಿಲ್‌ನಲ್ಲಿ ಗೋವಾ. ಆಗ ಮಲೆನಾಡಿನ ಕಾಳುಮೆಣಸು ಅಂದರೆ ಪೋರ್ಚುಗೀಸರಿಗೆ ಬಂಗಾರ. ಅದು ಬೇಕೆಂದರೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಎದುರು ಹಾಕಿಕೊಳ್ಳುವ ಹಾಗಿಲ್ಲ. ಕರಾವಳಿಯ ಬಂಗ ಅರಸನ ಸೀಮೆ ವಿಚಾರದಲ್ಲೂ ನಾಯಕನ ಜೊತೆ ಮಾತುಕತೆ ಆಗಬೇಕಿತ್ತು. ಹಾಗಾಗಿ ಗೋವಾದಿಂದ ಒಂದು ನಿಯೋಗ ಹೊರಟಿತು. ನಾಯಕನ ಕಡೆಯಿಂದ ಗೋವಾಕ್ಕೆ ಹೋಗಿದ್ದ ವಿಠ್ಠಲ ಶೆಣೈ ಕೂಡ ಜೊತೆಗಿದ್ದರು. ಪಿಯೆತ್ರೊಗೆ ಇದರಲ್ಲಿ ಯಾವ ಅಧಿಕಾರವೂ ಇಲ್ಲ, ವ್ಯಾಪಾರವೂ ಇಲ್ಲ. ನಾಡು ನೋಡುವ ಆಸೆಗೆ ಸೇರಿಕೊಂಡವನು ಅಷ್ಟೆ.

ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪ, ಅಲ್ಲಿಂದ ಘಟ್ಟ. ಘಟ್ಟದ ದಾರಿಯ ಒಂದು ಗುಡಿಯ ಜಗುಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಾ ಕೂತಿದ್ದರು. ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತಾ, ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿದ ಮೇಲೆ ಅಳಿಸಿ ಮತ್ತೆ ಮರಳು ಹಾಕುತ್ತಿದ್ದರು. ಮೇಷ್ಟ್ರು ಇರಲಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಿದ್ದ. ಕಾಗದದ ಖರ್ಚಿಲ್ಲದ ಈ ಶಾಲೆ ಪಿಯೆತ್ರೊಗೆ ಬಹಳ ಹಿಡಿಸಿತು. ಗೆಳೆಯನಿಗೆ ವಿವರವಾಗಿ ಬರೆದ.

ಇಕ್ಕೇರಿಯಲ್ಲಿ ಕಂಡದ್ದು

ಊರೊಳಗೆ ಹೋಗಲು ಮೂರು ಸುತ್ತಿನ ಬಾಗಿಲು ದಾಟಬೇಕಿತ್ತು. ಹೊರಗಿನ ಸುತ್ತುಗಳಿಗೆ ಕಲ್ಲಿನ ಗೋಡೆಯಿಲ್ಲ, ಒತ್ತೊತ್ತಾಗಿ ಬೆಳೆಸಿದ ಬಿದಿರೇ ಕೋಟೆ! ಮಲೆನಾಡಿನಲ್ಲಿ ಬಿದಿರು ಮೆಳೆ ನೋಡಿದವರಿಗೆ ಅದೆಂಥ ಕಾವಲು ಅಂತ ಹೇಳಬೇಕಾಗಿಲ್ಲ. ರಾತ್ರಿ ಹೊತ್ತು ದೇವಸ್ಥಾನದ ಎದುರಿನ ಬಯಲಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕೋಲಾಟ ಆಡಿದ್ದನ್ನು ನೋಡಿದ. ಅಘೋರೇಶ್ವರನ ಮೆರವಣಿಗೆ ನೋಡಿದ. ಅರಮನೆಯ ಸುದ್ದಿಯೂ ಕಿವಿಗೆ ಬಿತ್ತು. ನಾಯಕ ಇನ್ನೊಬ್ಬ ಹೆಂಗಸಿನ ಸಹವಾಸ ಮಾಡಿದ್ದಕ್ಕೆ ರಾಣಿ ಭದ್ರಮ್ಮ ಗಂಡನ ಜೊತೆ ಸಂಸಾರವನ್ನೇ ಬಿಟ್ಟಿದ್ದಳು ಅಂತ ಬರೆದಿದ್ದಾನೆ. ಆನಂದಪುರದ ಚಂಪಕ ಸರಸ್ಸಿನ ಬಗ್ಗೆ ಜನ ಹೇಳುವ ಕಥೆಗೆ ಇದು ಬಹಳ ಹತ್ತಿರ.

ಜಕ್ಕಮ್ಮನ ಮನೆ ಬಾಗಿಲಲ್ಲಿ

ಒಂದು ದಿನ ಬೀದಿಯಲ್ಲಿ ಒಬ್ಬ ಹೆಂಗಸು ಕುದುರೆ ಮೇಲೆ ಬರುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದ. ಚಿತೆ ಏರುತ್ತೇನೆ ಅಂತ ಆಕೆ ನಿಶ್ಚಯ ಮಾಡಿಯಾಗಿತ್ತು, ವಾದ್ಯದವರ ಜೊತೆ ಊರು ಸುತ್ತುತ್ತಿದ್ದಳು. ಪಿಯೆತ್ರೊ ವಿಚಾರಿಸಿಕೊಂಡು ಕೆಲವು ದಿನಗಳಲ್ಲಿ ಆಕೆಯ ಮನೆಗೇ ಹೋದ. ತೆಲುಗು ಕುಲದವಳು, ಹೆಸರು ಜಕ್ಕಮ್ಮ. ಗಂಡ ಡೋಲು ಬಾರಿಸುತ್ತಿದ್ದವನು. ಮನೆಯಲ್ಲಿ ಇನ್ನೂ ಇಬ್ಬರು ಹೆಂಡತಿಯರಿದ್ದರು, ಅವರು ಸಾಯಲು ಹೊರಟಿರಲಿಲ್ಲ. ಜಕ್ಕಮ್ಮನಿಗೂ ಚಿಕ್ಕ ಮಗುವಿತ್ತು.

ಪಿಯೆತ್ರೊ ದುಭಾಷಿ ಮೂಲಕ ಮಾತಾಡಿದ. ಮಗುವಿನ ಗತಿ ಏನು ಅಂತ ಕೇಳಿದ, ಈ ನಿರ್ಧಾರ ಬಿಡು ಅಂತ ತನಗೆ ತಿಳಿದ ರೀತಿಯಲ್ಲೆಲ್ಲ ಹೇಳಿ ನೋಡಿದ. ಆಕೆ ನಗುನಗುತ್ತಲೇ ಉತ್ತರ ಕೊಟ್ಟಳು. ಯಾರ ಬಲವಂತವೂ ಇಲ್ಲ, ಮಗುವನ್ನು ನೆಂಟರು ನೋಡಿಕೊಳ್ಳುತ್ತಾರೆ ಅಂದಳು. ಆತನ ಮಾತು ನಡೆಯಲಿಲ್ಲ. ಕೊನೆಗೆ, ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆ ಅಂತ ಮಾತು ಕೊಟ್ಟು ಎದ್ದು ಬಂದ. ಅವತ್ತಿಗೆ ಮಾನಿ ಸತ್ತು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಸತ್ತ ಹೆಂಡತಿಯನ್ನು ಬಿಡಲಾರದ ಗಂಡ, ಸತ್ತ ಗಂಡನ ಹಿಂದೆ ಹೊರಟವಳನ್ನು ಬದುಕು ಅಂತ ಬೇಡಿಕೊಂಡಿದ್ದ.

ಮುಂದಿನ ದಾರಿ

ಇಕ್ಕೇರಿಯಿಂದ ಗೆಳೆಯನಿಗೆ ಬರೆದ ಕಾಗದಕ್ಕೆ 1623ರ ನವೆಂಬರ್ 22ರ ತಾರೀಕಿದೆ. ಆಮೇಲೆ ನಿಯೋಗದವರಿಗೆ ಕಾಯದೆ ತನ್ನ ದಾರಿ ತಾನು ಹಿಡಿದ. ಘಟ್ಟ ಇಳಿದು ಬಸರೂರು, ಅಲ್ಲಿಂದ ಮಂಗಳೂರು. ಉಳ್ಳಾಲದ ರಾಣಿ ಬರಿಗಾಲಲ್ಲಿ ನಿಂತು ಕಾಲುವೆ ಕೆಲಸ ಮಾಡಿಸುತ್ತಿದ್ದುದನ್ನು ಕಂಡು ಮಾತಾಡಿಸಿದ. 1624ರ ಕೊನೆಗೆ ಗೋವಾ ಬಿಟ್ಟು ಮಸ್ಕತ್, ಬಸ್ರಾ ಮೂಲಕ ಮತ್ತೆ ಮರುಭೂಮಿ ದಾಟಿದ. ಹನ್ನೆರಡು ವರ್ಷದ ನಂತರ, 1626ರಲ್ಲಿ, ನೇಪಲ್ಸ್ ಮುಟ್ಟಿ ಸ್ಕಿಪಾನೊನನ್ನು ಕಂಡ. ಅದೇ ವರ್ಷ ಮಾನಿಯನ್ನು ರೋಮ್‌ನಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. 1652ರಲ್ಲಿ ತಾನೂ ತೀರಿಕೊಂಡ. ಭಾರತದ ಕಾಗದಗಳು ಅಚ್ಚಾಗಿದ್ದು ಆತ ಸತ್ತ ಮೇಲೆ, 1665ರಲ್ಲಿ ಇಂಗ್ಲಿಷಿಗೂ ಬಂದವು.

ಇತ್ತ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಯ್ತು. ತೀರ್ಥಹಳ್ಳಿಯ ಕವಲೇದುರ್ಗದಲ್ಲೂ ಕೆಳದಿಯವರ ಕೋಟೆ ನಿಂತಿತು. ಬಿದಿರು ಕೋಟೆ ಹೋಯ್ತು, ಅರಮನೆ ಹೋಯ್ತು, ದೇವಸ್ಥಾನ ಉಳಿಯಿತು. ಅರಸರ ಹೆಸರು ಶಾಸನಗಳಲ್ಲಿವೆ. ಡೋಲು ಬಾರಿಸುವವನ ಹೆಂಡತಿಯ ಹೆಸರು ಮಾತ್ರ, ಕೊಟ್ಟ ಮಾತಿನಂತೆ, ಗೆಳೆಯನಿಗೆ ಬರೆದ ಆ ಕಾಗದದಲ್ಲಿ ಇದೆ.