ಮುಂಬಯಿ ಪ್ರಾಂತದಲ್ಲಿ ಎಂ. ವಿಶ್ವೇಶ್ವರಯ್ಯನವರ ಸೇವೆ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ಸಿವಿಲ್ ಎಂಜಿನಿಯರ್. ಕೃಷ್ಣರಾಜಸಾಗರದ ನಿರ್ಮಾಣ ಮತ್ತು ಮೈಸೂರಿನ ದಿವಾನಗಿರಿಗಳಿಂದ ಅವರ ಹೆಸರು ಮನೆಮಾತಾಗಿದೆ. ಆದರೆ ಅವರು ಎಂಜಿನಿಯರಾಗಿ ರೂಪುಗೊಂಡದ್ದು ಮೈಸೂರಿನಲ್ಲಲ್ಲ. 1884ರಿಂದ 1908ರವರೆಗೆ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಲ್ಲಿಸಿದ ಸೇವೆಯಲ್ಲಿ. ಈ ಅವಧಿಗೆ ಪಠ್ಯಪುಸ್ತಕಗಳಲ್ಲಿ ದೊರೆಯುವ ಸ್ಥಳ ಬಹಳ ಕಡಿಮೆ.

ಆಗ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಗೋಕಾಕ ಮತ್ತು ಹುಕ್ಕೇರಿ ತಾಲ್ಲೂಕುಗಳ ಕಾಲುವೆ, ರಸ್ತೆ, ಸೇತುವೆಗಳನ್ನು ನೋಡಿಕೊಳ್ಳುತ್ತಿದ್ದುದೂ ಇದೇ ಇಲಾಖೆಯೇ. ಘಟಪ್ರಭಾ ನದಿಗೆ ಧೂಪದಾಳದಲ್ಲಿ ಕಟ್ಟಿದ ಒಡ್ಡು ಮತ್ತು ಅಲ್ಲಿಂದ ಹೊರಟ ಗೋಕಾಕ ಕಾಲುವೆ 19ನೆಯ ಶತಮಾನದ ಕೊನೆಯ ದಶಕಗಳಿಗೆ ಸೇರಿದವು. ಅವು ವಿಶ್ವೇಶ್ವರಯ್ಯನವರ ಕೆಲಸಗಳಲ್ಲ. ಆದರೆ ಅವರು ಯಾವ ಬಗೆಯ ಇಲಾಖೆಯನ್ನು ಸೇರಿದರೆಂಬುದು ಇವುಗಳಿಂದ ತಿಳಿಯುತ್ತದೆ.

ವಿದ್ಯಾಭ್ಯಾಸ

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಜೀವನ ನಡೆಸುತ್ತ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಎಂಜಿನಿಯರಿಂಗ್ ಕಲಿಯಲು ಬೆಂಗಳೂರಿನಲ್ಲಿ ಆಗ ಪದವಿ ಕಾಲೇಜೇ ಇರಲಿಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಅಂತಿಮ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಮರುವರ್ಷ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಖಾನದೇಶ ಮತ್ತು ಸಕ್ಕರ್

ನಾಸಿಕದಲ್ಲಿ ಕೆಲಸ ಆರಂಭಿಸಿದ ತರುಣ ಎಂಜಿನಿಯರಿಗೆ ಬೇಗನೆ ಒದಗಿದ ಪರೀಕ್ಷೆ ಖಾನದೇಶದ ಧುಳೆಯ ಸಮೀಪದ್ದು. ಪಾಂಝರಾ ನದಿಯ ಒಂದು ದಡದಿಂದ ಇನ್ನೊಂದು ದಡಕ್ಕೆ ಕಾಲುವೆಯ ನೀರನ್ನು ಕೊಳವೆಯ ಸೈಫನ್ ಮೂಲಕ ದಾಟಿಸಬೇಕಾಗಿತ್ತು. ಮಳೆಗಾಲದ ಪ್ರವಾಹ ಕೆಲಸಕ್ಕೆ ಅಡ್ಡಿಯಾದಾಗ ಅವರು ಕಾಲಾವಕಾಶ ಕೇಳಿದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಹೊಸದಾಗಿ ಸೇರಿದವನ ಮೇಲೆ ಹೆಸರು ಕೆಡುವ ಆತಂಕ ಸಣ್ಣದಲ್ಲ. ಅವರು ಪಟ್ಟು ಬಿಡದೆ ಕೆಲಸ ಮುಗಿಸಿ, ಅದೇ ಅಧಿಕಾರಿಯ ಮೆಚ್ಚುಗೆಗೆ ಪಾತ್ರರಾದರು.

ಸಿಂಧ್ ಪ್ರದೇಶವೂ ಆಗ ಮುಂಬಯಿ ಪ್ರಾಂತದ ಭಾಗವೇ. 1894ರ ಸುಮಾರಿಗೆ ಅಲ್ಲಿನ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವ ಹೊಣೆ ಅವರಿಗೆ ಬಂತು. ಸಿಂಧೂ ನದಿಯ ನೀರು ಕೆಸರಿನಿಂದ ಕಂದಿತ್ತು. ಶೋಧಕ ತೊಟ್ಟಿಗಳನ್ನು ಕಟ್ಟಲು ಪುರಸಭೆಗೆ ಹಣದ ಬಲವಿರಲಿಲ್ಲ. ನದಿಯ ಮರಳನ್ನೇ ಶೋಧಕವನ್ನಾಗಿ ಮಾಡಿಕೊಂಡದ್ದು ವಿಶ್ವೇಶ್ವರಯ್ಯನವರ ಜಾಣ್ಮೆ. ನದಿಯ ಪಾತ್ರದಲ್ಲಿ ಬಾವಿ ತೋಡಿಸಿ, ಮರಳಿನ ಪದರಗಳ ಮೂಲಕ ಇಳಿದು ತಿಳಿಯಾದ ನೀರನ್ನು ಅದರಲ್ಲಿ ಸಂಗ್ರಹಿಸಿ, ಯಂತ್ರದಿಂದ ಗುಡ್ಡದ ಮೇಲಿನ ಜಲಾಶಯಕ್ಕೆ ಏರಿಸಿ ಊರಿಗೆ ಹಂಚಲಾಯಿತು. ಬೇಸಗೆಯಲ್ಲಿ ಹಳ್ಳದ ಮರಳಿನಲ್ಲಿ ಒರತೆ ತೋಡಿ ನೀರು ತುಂಬಿಕೊಂಡವರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಪುಣೆಯ ನೀರಾವರಿ

ಅವರ ಮುಂಬಯಿ ಸೇವೆಯ ಶಿಖರವೆಂದರೆ 1899ರ ನಂತರ ಪುಣೆಯಲ್ಲಿ ಕಳೆದ ವರ್ಷಗಳು. ಮುಠಾ ನದಿಯ ಖಡಕವಾಸಲಾ ಜಲಾಶಯವು ಮಳೆಗಾಲದಲ್ಲಿ ತುಂಬಿ, ಹೆಚ್ಚಿನ ನೀರು ಕೋಡಿಯ ಮೇಲೆ ಹಲವು ಅಡಿಗಳಷ್ಟು ಎತ್ತರದಲ್ಲಿ ಹರಿದು ವ್ಯರ್ಥವಾಗುತ್ತಿತ್ತು. ಕಟ್ಟೆಯನ್ನೇ ಎತ್ತರಿಸುವುದು ದುಬಾರಿ, ಅಪಾಯಕರ ಕೂಡ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸುವ ವಿಧಾನವನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಬಾಗಿಲುಗಳು ಮುಚ್ಚಿರುತ್ತವೆ. ಮಟ್ಟ ಮೀರಿದಾಗ ಪ್ರತಿತೂಕಗಳ ಚಲನೆಯಿಂದ ತಾವಾಗಿಯೇ ತೆರೆದು, ನೀರು ಇಳಿದ ಮೇಲೆ ಮತ್ತೆ ಮುಚ್ಚುತ್ತವೆ. ಮಧ್ಯರಾತ್ರಿ ಪ್ರವಾಹ ಬಂದರೂ ಕಾವಲುಗಾರನ ಎಚ್ಚರವನ್ನು ನಂಬಿ ಕೂರಬೇಕಾಗಿಲ್ಲ. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಗೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಸ್ವಯಂಚಾಲಿತ ಬಾಗಿಲುಗಳು ಬಳಕೆಗೆ ಬಂದವು.

ಇದಕ್ಕಿಂತ ಕಡಿಮೆ ಪ್ರಸಿದ್ಧವಾದರೂ ರೈತರ ದೃಷ್ಟಿಯಿಂದ ಇನ್ನೂ ದೊಡ್ಡದು ಅವರ ಬ್ಲಾಕ್ ಪದ್ಧತಿ. ಕಾಲುವೆಯ ಆರಂಭದ ಕೆಲವೇ ಹಳ್ಳಿಗಳು ಕಬ್ಬಿಗೆಂದು ನೀರನ್ನೆಲ್ಲ ಬಳಸಿಕೊಂಡು ತಮ್ಮ ಭೂಮಿಯನ್ನು ಜವುಳು ಮಾಡಿಕೊಳ್ಳುತ್ತಿದ್ದವು. ಕೊನೆಯ ಹಳ್ಳಿಗಳಿಗೆ ನೀರೇ ಮುಟ್ಟುತ್ತಿರಲಿಲ್ಲ. ನೀರನ್ನು ಹೆಚ್ಚು ಹಳ್ಳಿಗಳಿಗೆ ಹರಡಬೇಕು, ಪ್ರತಿ ಹಳ್ಳಿಯಲ್ಲಿ ಗೊತ್ತುಪಡಿಸಿದ ಬ್ಲಾಕುಗಳಿಗಷ್ಟೇ ಕೊಡಬೇಕು, ಬ್ಲಾಕಿನ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬು ಬೆಳೆದು ಉಳಿದುದರಲ್ಲಿ ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯಬೇಕು ಎಂಬುದು ಈ ಪದ್ಧತಿಯ ಸಾರ. ಕಬ್ಬಿನ ಲಾಭ ಕಂಡವರು ಇದನ್ನು ವಿರೋಧಿಸಿದರು. ಅವರು ರೈತರನ್ನು ಕಂಡು ವಿವರಿಸಿ, ನೀರಾ ಕಾಲುವೆಯ ಪ್ರದೇಶದಲ್ಲಿ ಪದ್ಧತಿಯನ್ನು ಜಾರಿಗೆ ತಂದರು. ಇಂದಿನ ಗೋಕಾಕ, ಮೂಡಲಗಿ ಭಾಗದ ಕಬ್ಬಿನ ಸೀಮೆಯ ವಿದ್ಯಾರ್ಥಿಗಳಿಗೆ ಈ ಜಗಳ ಹಳೆಯದೆನಿಸಲಾರದು.

ರಾಜೀನಾಮೆ ಮತ್ತು ನಂತರ

1904ರಿಂದ ಪ್ರಾಂತದ ಸ್ಯಾನಿಟರಿ ಎಂಜಿನಿಯರ್ ಆಗಿ ಧಾರವಾಡ, ವಿಜಾಪುರಗಳ ನೀರು ಸರಬರಾಜಿನ ಯೋಜನೆಗಳನ್ನೂ ನೋಡಿದರು; 1906ರಲ್ಲಿ ಏಡನ್ನಿಗೆ ಹೋಗಿ ಅಲ್ಲಿಯ ನೀರು, ಒಳಚರಂಡಿಗಳ ಬಗೆಗೆ ವರದಿ ಕೊಟ್ಟರು. ಅನೇಕ ಹಿರಿಯರನ್ನು ದಾಟಿ ಬಡ್ತಿ ದೊರೆತು ಅಧೀಕ್ಷಕ ಎಂಜಿನಿಯರ್ ಆದದ್ದು ಕೆಲವರ ಅಸಮಾಧಾನಕ್ಕೂ ಕಾರಣವಾಯಿತು. ಮುಖ್ಯ ಎಂಜಿನಿಯರ್ ಹುದ್ದೆ ಆಗ ಭಾರತೀಯರಿಗೆ ಎಟುಕುವಂಥದ್ದಾಗಿರಲಿಲ್ಲ. ಪೂರ್ಣ ಪಿಂಚಣಿಗೆ ಬೇಕಾದ 25 ವರ್ಷಗಳು ತುಂಬುವ ಮೊದಲೇ, 1908ರಲ್ಲಿ, ಅವರು ಸೇವೆಯನ್ನು ಬಿಟ್ಟರು. ಸರ್ಕಾರ ವಿಶೇಷವಾಗಿ ಪಿಂಚಣಿ ಮಂಜೂರು ಮಾಡಿತು. ಭದ್ರವಾದ ಸರ್ಕಾರಿ ನೌಕರಿಯನ್ನು ನಡುವೆ ಬಿಡುವುದು ಅಂದಿನ ಮಧ್ಯಮವರ್ಗಕ್ಕೆ ಸುಲಭವಾಗಿ ಅರ್ಥವಾಗುವ ನಡೆಯಾಗಿರಲಿಲ್ಲ.

ವಿದೇಶ ಪ್ರವಾಸದಲ್ಲಿದ್ದಾಗ ಮೂಸಿ ನದಿಯ ಪ್ರವಾಹದಿಂದ ಹಾಳಾಗಿದ್ದ ಹೈದರಾಬಾದಿನಿಂದ ಕರೆ ಬಂತು. 1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ಅವರ ದಿವಾನಗಿರಿಯಲ್ಲಿಯೇ. ತಾವು ಪುಣೆಗೆ ಹೋಗಬೇಕಾಗಿ ಬಂದಂತೆ ಮೈಸೂರಿನ ಹುಡುಗರು ಹೊರಗೆ ಹೋಗಬೇಕಾದ ಅನಿವಾರ್ಯತೆ ಅದರಿಂದ ತಪ್ಪಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ಇನ್ನೂ ಕಾಯಬೇಕಾಯಿತು: ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜು ಆರಂಭವಾದದ್ದು 1947ರಲ್ಲಿ. 1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ವಿಶ್ವೇಶ್ವರಯ್ಯನವರು 1962ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಬೆಳಗಾವಿಯಲ್ಲಿದೆ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ.