ನಿಜಾಮರು ಹೋದ ದಿನ

2022ರ ಸೆಪ್ಟೆಂಬರ್ ತಿಂಗಳು. ನಾನಾಗ ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡಿದ್ದರು. 11ರ ಭಾನುವಾರ ನಮ್ಮ ದೇಶದಲ್ಲೂ ಒಂದು ದಿನದ ಶೋಕಾಚರಣೆ ಇತ್ತು, ರಾಷ್ಟ್ರಧ್ವಜ ಅರ್ಧಕ್ಕೆ ಇಳಿದಿತ್ತು. 17ರ ಶನಿವಾರ ಕಾಲೇಜಿನ ಅಂಗಳದಲ್ಲಿ ಧ್ವಜ ಏರಿಸಿ ಕಲ್ಯಾಣ ಕರ್ನಾಟಕ ಉತ್ಸವ ಮಾಡಿದೆವು, ಬೂಂದಿ ತಿಂದೆವು. ಸೋಮವಾರ ಸಂಜೆ ಕೆಂಭಾವಿಯ ಮನೆಗೆ ಬಂದರೆ ಟಿವಿಯಲ್ಲಿ ರಾಣಿಯ ಅಂತ್ಯಸಂಸ್ಕಾರದ ಮೆರವಣಿಗೆ ನಡೆದಿತ್ತು.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾ ಕುಳಿತಿದ್ದಳು. ಆಕೆಗೆ ಆಗ ಎಂಬತ್ತು. ಅಷ್ಟು ಜನ ರಸ್ತೆಯ ಎರಡೂ ಬದಿ ನಿಂತದ್ದು ಕಂಡು, ನಮ್ಮ ನಿಜಾಮ ಸತ್ತಾಗಲೂ ಹೈದರಾಬಾದಿನಲ್ಲಿ ಹೀಗೇ ಜನ ಸೇರಿತ್ತಂತೆ ಎಂದಳು. ಆ ದಿನ ನಮ್ಮ ಓಣಿಯ ದರ್ಜಿ ಚಾಚಾ ಅಂಗಡಿ ತೆಗೆಯಲಿಲ್ಲ, ನಮ್ಮಪ್ಪ ಹೋಗಿ ಅವನ ಜೊತೆ ಕುಳಿತಿದ್ದ ಎಂದೂ ಸೇರಿಸಿದಳು.

ನನಗೆ ಆಶ್ಚರ್ಯವಾಯಿತು. ಎರಡು ದಿನದ ಹಿಂದಷ್ಟೇ ವೇದಿಕೆಯ ಮೇಲೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ಕಥೆ ಕೇಳಿ ಚಪ್ಪಾಳೆ ಹೊಡೆದು ಬಂದಿದ್ದೆ. ರಜಾಕಾರರ ಕಾಲದಲ್ಲಿ ಊರು ಬಿಟ್ಟು ಓಡಿದ ಮನೆ ನಮ್ಮದು. ಹಾಗಿದ್ದೂ ಆಯಿಯ ಅಪ್ಪ ನಿಜಾಮರಿಗಾಗಿ ದುಃಖಿಸುವವನ ಪಕ್ಕ ಏಕೆ ಕುಳಿತ? ಈ ಪ್ರಶ್ನೆ ನನ್ನೊಳಗೆ ಉಳಿಯಿತು. ಈಗ ಬಿಇ ಸಿವಿಲ್ ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಈ ಮೂರು ವರ್ಷಗಳಲ್ಲಿ ಸಮಯ ಸಿಕ್ಕಾಗೆಲ್ಲ ಆ ಅರಸರ ಬಗ್ಗೆ ಓದಿದ್ದೇನೆ. ನಮ್ಮ ಮನೆಯಲ್ಲಿ ನಿಜಾಮರಿಗೆ ಏಕವಚನ, ಚಾಚಾನ ಮನೆಯಲ್ಲಿ ಹುಜೂರ್. ನಾನಿಲ್ಲಿ ಬಹುವಚನ ಬಳಸಿದ್ದೇನೆ. ಆಯಿ ಬೇಸರ ಮಾಡಿಕೊಳ್ಳಬಾರದು.

ಮೀರ್ ಉಸ್ಮಾನ್ ಅಲಿ ಖಾನ್ ಹುಟ್ಟಿದ್ದು 1886ರ ಏಪ್ರಿಲ್ 6ರಂದು. ಅಪ್ಪ ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡಾಗ ಇಪ್ಪತ್ತೈದನೇ ವಯಸ್ಸಿಗೆ ಗಾದಿ ಏರಿದರು. ಏಳನೆಯವರು, ಕೊನೆಯ ಆಳುವ ನಿಜಾಮರೂ ಅವರೇ. ಇಂದಿನ ತೆಲಂಗಾಣ, ಮರಾಠವಾಡ, ಜೊತೆಗೆ ಗುಲ್ಬರ್ಗಾ, ರಾಯಚೂರು, ಬೀದರ್ ಎಂಬ ಮೂರು ಕನ್ನಡ ಜಿಲ್ಲೆಗಳು ಅವರ ರಾಜ್ಯದಲ್ಲಿದ್ದವು. ನಮ್ಮ ಕೆಂಭಾವಿ ಗುಲ್ಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿತ್ತು.

ಸುರಪುರ ಸೀಮೆ ನಿಜಾಮರ ಕೈಗೆ ಹೋದ ಕಥೆ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಮದ್ರಾಸ್ ಕಡೆಯ ಚೆಂಗಲ್ಪಟ್ಟು ಕೋಟೆಯ ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಸತ್ತ. ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ. ಆ ಗುಂಡು ಹೇಗೆ ಹಾರಿತು ಎಂಬ ವಾದ ಇಂದಿಗೂ ನಿಂತಿಲ್ಲ. ಆಮೇಲೆ ಬ್ರಿಟಿಷರು ಸುರಪುರವನ್ನು ತಮ್ಮ ಮಿತ್ರನಾದ ನಿಜಾಮನಿಗೆ ಕೊಟ್ಟರು. ನಮ್ಮ ಸೀಮೆಯ ರಾಜ ದೂರದಲ್ಲಿ ಸತ್ತಾಗ ಯಾವ ಸರ್ಕಾರವೂ ಶೋಕ ಸಾರಲಿಲ್ಲ.

ಉಸ್ಮಾನ್ ಅಲಿ ಖಾನ್ ಗಾದಿ ಏರುವ ಮೂರು ವರ್ಷ ಮೊದಲು, 1908ರ ಸೆಪ್ಟೆಂಬರ್‌ನಲ್ಲಿ, ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸುಮಾರು 15,000 ಜನ ಸತ್ತಿದ್ದರು. ಅದಕ್ಕೆ ಪರಿಹಾರ ಹುಡುಕಲು ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಪ್ರವಾಹದ ನೀರನ್ನು ನಗರದ ಮೇಲ್ಭಾಗದಲ್ಲೇ ಹಿಡಿದಿಡಬೇಕು ಎಂಬುದು ಅವರ ಸಲಹೆ. ಹೊಸ ನಿಜಾಮರು ಆ ಯೋಜನೆಗೆ ಹಣ ಕೊಟ್ಟರು. 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಸಿದ್ಧವಾದವು. ಒಂದೇ ಕೆಲಸದಲ್ಲಿ ಪ್ರವಾಹಕ್ಕೆ ತಡೆ, ನಗರಕ್ಕೆ ಕುಡಿಯುವ ನೀರು. ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನದಂದು ಸರ್ ಎಂ.ವಿ. ಫೋಟೊಕ್ಕೆ ಹಾರ ಹಾಕುವ ನಾವು, ಈ ಕೆಲಸಕ್ಕೆ ಖಜಾನೆ ತೆರೆದವರು ಯಾರೆಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಉಸ್ಮಾನಿಯಾ ಆಸ್ಪತ್ರೆ, ಹೈಕೋರ್ಟ್ ಕಟ್ಟಡ, 1931ರಲ್ಲಿ ಮುಗಿದ ನಿಜಾಮ್ ಸಾಗರ ಅಣೆಕಟ್ಟು, ಇವೆಲ್ಲ ಅವರ ಕಾಲದವು. ನಮ್ಮ ರಾಯಚೂರು ಸೀಮೆಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ ಅಡಿಗಲ್ಲು ಇಟ್ಟಾಗಲೂ ಅವರೇ ಅರಸರು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಇಂಗ್ಲಿಷಿನ ಬದಲು ಉರ್ದುವಿನಲ್ಲಿ ಕೊಟ್ಟಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಕೀಯ ಕಲಿಸುವುದು ಆ ಕಾಲಕ್ಕೆ ದೊಡ್ಡ ಸಾಹಸ.

ಆದರೆ ಅದೇ ಸಾಹಸ ನಮ್ಮ ಪಾಲಿಗೆ ಪೆಟ್ಟೂ ಆಯಿತು. ರಾಜ್ಯದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಶಾಲೆ, ಕಚೇರಿ, ಕೋರ್ಟು ಎಲ್ಲೆಡೆ ನಡೆದದ್ದು ಮಾತ್ರ ಉರ್ದು. ಮಗುವಿಗೆ ಮೊದಲು ಭಾಷೆಯ ಗೋಡೆ ದಾಟುವುದೇ ಕೆಲಸ, ಆಮೇಲೆ ಪಾಠ. ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಹೊಲದ ಕಾಗದಗಳಿವೆ, ಎಲ್ಲ ಉರ್ದುವಿನಲ್ಲಿ. ನಮ್ಮ ಹೊಲದ ಚೆಕ್‌ಬಂದಿ ಎಲ್ಲಿಂದ ಎಲ್ಲಿಗೆ ಎಂದು ನಮಗೇ ಓದಲು ಬರುವುದಿಲ್ಲ. ಮೊನ್ನೆ ಅದನ್ನು ಓದಿ ಹೇಳಿದ್ದು ಚಾಚಾನ ಮೊಮ್ಮಗ.

1937ರ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ನಿಜಾಮರ ಚಿತ್ರ ಹಾಕಿ, ಜಗತ್ತಿನಲ್ಲೇ ಹೆಚ್ಚು ಶ್ರೀಮಂತ ಎಂದಿತು. ಅಷ್ಟು ದುಡ್ಡಿನ ಮನುಷ್ಯ ಹಳೆಯ ಟೋಪಿ, ಮಾಸಿದ ಶೇರ್ವಾನಿ ಹಾಕಿಕೊಂಡು ಅಗ್ಗದ ಸಿಗರೇಟು ಸೇದುತ್ತಿದ್ದರಂತೆ. ಜಾಕೋಬ್ ವಜ್ರವನ್ನು ಮೇಜಿನ ಮೇಲಿನ ಕಾಗದ ಹಾರದಂತೆ ಇಡುತ್ತಿದ್ದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಮರುವರ್ಷ, 1938ರಲ್ಲಿ, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿಗೆ ಅವರ ಸರ್ಕಾರ ನಿಷೇಧ ಹೇರಿತು. ವಂದೇ ಮಾತರಂ ಹಾಡಿದರೆಂದು ಉಸ್ಮಾನಿಯಾದಿಂದ ಹೊರಬಿದ್ದ ವಿದ್ಯಾರ್ಥಿಗಳು ನನ್ನ ಈಗಿನ ವಯಸ್ಸಿನವರು. ಅವರಲ್ಲೊಬ್ಬರು ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್.

1947ರ ನವೆಂಬರ್ ತಿಂಗಳನ್ನು ಓದಿದಾಗ ನನಗೆ ಆ ಟಿವಿಯ ಮೆರವಣಿಗೆ ಮತ್ತೆ ನೆನಪಾಯಿತು. ಆ ತಿಂಗಳ 20ರಂದು ಲಂಡನ್ನಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆ. ನಿಜಾಮರು ಉಡುಗೊರೆಯಾಗಿ ಕಾರ್ಟಿಯೆ ಎಂಬ ಪ್ರಸಿದ್ಧ ಆಭರಣದ ಅಂಗಡಿಯಲ್ಲಿ ಆಕೆ ಇಷ್ಟಪಟ್ಟದ್ದನ್ನು ಆರಿಸಿಕೊಳ್ಳಲಿ ಎಂದು ಹೇಳಿದರು. ಆಕೆ ಆರಿಸಿದ್ದರಲ್ಲಿ ಒಂದು ವಜ್ರದ ಹಾರ. ಅದಕ್ಕೆ ಇಂದಿಗೂ ಹೈದರಾಬಾದ್ ನಿಜಾಮರ ಹಾರ ಎಂದೇ ಹೆಸರು. ಅದೇ ತಿಂಗಳ 29ರಂದು ನಿಜಾಮರು ಭಾರತ ಸರ್ಕಾರದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ದೇಶ ಸ್ವತಂತ್ರವಾಗಿತ್ತು, ನಮ್ಮೂರು ಆಗಿರಲಿಲ್ಲ.

ಆಮೇಲಿನ ತಿಂಗಳುಗಳ ಕಥೆ ಆಯಿ ಬಾಯಲ್ಲೇ ಕೇಳಿದ್ದು. ಖಾಸಿಂ ರಜ್ವಿಯ ರಜಾಕಾರರ ಹೆಸರು ಕೇಳಿದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆರು ವರ್ಷದ ಆಯಿಯನ್ನು ಜೋಳದ ಚೀಲಗಳ ನಡುವೆ ಕೂರಿಸಿ, ಎತ್ತಿನ ಕೊರಳ ಗೆಜ್ಜೆ ಬಿಚ್ಚಿಟ್ಟು, ರಾತ್ರೋರಾತ್ರಿ ಬಂಡಿ ಹೊಡೆದುಕೊಂಡು ತಾಳಿಕೋಟೆ ಕಡೆ ಹೋದರಂತೆ. ಅದು ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆ, ಅಂದರೆ ಭಾರತ. ನಿಜಾಮರು ರಜಾಕಾರರನ್ನು ಸಾಕಿದರೋ, ಅವರ ಕೈಗೆ ಸಿಕ್ಕಿಬಿದ್ದರೋ ಎಂದು ಇತಿಹಾಸಕಾರರು ವಾದಿಸುತ್ತಾರೆ. ಬಂಡಿಯಲ್ಲಿ ಕುಳಿತ ಮಗುವಿಗೆ ಆ ವಾದದಿಂದ ಆಗಬೇಕಾದ್ದೇನೂ ಇರಲಿಲ್ಲ. ತಡೆಯಬೇಕಾದ ಅರಸರು ತಡೆಯಲಿಲ್ಲ, ಅಷ್ಟೇ.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂತು. 17ಕ್ಕೆ ನಿಜಾಮರು ಶರಣಾದರು. ನಮ್ಮ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಮುಂದಿನ ದಿನಗಳಲ್ಲಿ ರಜಾಕಾರರ ಪಾಪಕ್ಕೆ ಸಂಬಂಧವೇ ಇಲ್ಲದ ಮುಸ್ಲಿಂ ಕುಟುಂಬಗಳ ಮೇಲೆ ಸೇಡು ತೀರಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಅವರ ತಂಡ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜಿಸಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಹೊರಗೇ ಬರಲಿಲ್ಲ.

ಆ ದಿನಗಳಲ್ಲಿ ತಾಳಿಕೋಟೆಯಿಂದ ವಾಪಸು ಬಂದಿದ್ದ ಆಯಿಯ ಅಪ್ಪ, ದರ್ಜಿ ಚಾಚಾನ ಹೆಂಡತಿ ಮಕ್ಕಳನ್ನು ನಮ್ಮ ಜೋಳ ತುಂಬುವ ಕತ್ತಲೆ ಕೋಣೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡಿದ್ದ. ಇದನ್ನು ಆಯಿ ಹೇಳಿದ್ದು ಟಿವಿಯಲ್ಲಿ ರಾಣಿಯ ಮೆರವಣಿಗೆ ನೋಡಿದ ಆ ರಾತ್ರಿಯೇ. ಅಲ್ಲಿಯವರೆಗೆ ಬಂಡಿಯ ಕಥೆ ನೂರು ಸಲ ಕೇಳಿದ್ದೆ, ಕೋಣೆಯ ಕಥೆ ಒಮ್ಮೆಯೂ ಕೇಳಿರಲಿಲ್ಲ.

ನಿಜಾಮರು ಸೋತರೂ ಬಯಲಿಗೆ ಬೀಳಲಿಲ್ಲ. 1950ರ ಜನವರಿ 26ರಿಂದ ಅವರು ಹೈದರಾಬಾದಿನ ರಾಜಪ್ರಮುಖರು. 1956ರ ನವೆಂಬರ್ 1ಕ್ಕೆ ರಾಜ್ಯ ಮೂರು ಭಾಗವಾಗಿ ನಾವು ಮೈಸೂರು ರಾಜ್ಯ ಸೇರಿದೆವು, ಅವರ ಹುದ್ದೆಯೂ ಹೋಯಿತು. ಕಿಂಗ್ ಕೋಠಿ ಅರಮನೆಯಲ್ಲಿ ಉಳಿದ ದಿನ ಕಳೆದು, 1967ರ ಫೆಬ್ರುವರಿ 24ರಂದು ತೀರಿಕೊಂಡರು. ಆಂಧ್ರಪ್ರದೇಶ ಸರ್ಕಾರ ಶೋಕ ಘೋಷಿಸಿತು. 25ರಂದು ಸರ್ಕಾರಿ ಕಚೇರಿಗಳು ಮುಚ್ಚಿದವು, ರಾಜ್ಯದಾದ್ಯಂತ ರಾಷ್ಟ್ರಧ್ವಜ ಅರ್ಧಕ್ಕೆ ಇಳಿಯಿತು. ಅಪ್ಪ ಮಹಬೂಬ್ ಅಲಿ ಖಾನರ ಸಮಾಧಿ ಮೆಕ್ಕಾ ಮಸೀದಿಯಲ್ಲಿದೆ. ಇವರನ್ನು ಮಾತ್ರ ಅರಮನೆಯ ಎದುರಿನ ಜೂದಿ ಮಸೀದಿಯಲ್ಲಿ, ತಾಯಿಯ ಸಮಾಧಿ ಇರುವಲ್ಲಿ ಮಣ್ಣು ಮಾಡಿದರು.

ಆ ದಿನ ಎಷ್ಟು ಜನ ಸೇರಿದ್ದರು? ಒಂದು ಕೋಟಿ ಎಂದು ಹಲವು ಕಡೆ ಬರೆದಿದ್ದಾರೆ. ಆಗ ಇಡೀ ಹೈದರಾಬಾದ್ ನಗರದ ಜನಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಒಂದು ಚದರ ಮೀಟರಿಗೆ ನಾಲ್ಕು ಜನರಂತೆ ಒತ್ತಿ ನಿಲ್ಲಿಸಿದರೂ ಒಂದು ಕೋಟಿ ಜನರಿಗೆ ಇಪ್ಪತ್ತೈದು ಲಕ್ಷ ಚದರ ಮೀಟರ್ ಜಾಗ ಬೇಕು. ಇಪ್ಪತ್ತು ಮೀಟರ್ ಅಗಲದ ರಸ್ತೆಯಾದರೆ 125 ಕಿಲೊಮೀಟರ್ ಉದ್ದ! ಲಕ್ಷಗಟ್ಟಲೆ ಎಂದರೆ ಸಾಕಿತ್ತು. ಹಾಗೆಯೇ 1965ರಲ್ಲಿ ರಕ್ಷಣಾ ನಿಧಿಗೆ ಐದು ಸಾವಿರ ಕೆ.ಜಿ. ಚಿನ್ನ ದಾನ ಕೊಟ್ಟರೆಂಬ ಮಾತಿದೆ. ಅವರು ನಿಜವಾಗಿ ಮಾಡಿದ್ದು 425 ಕೆ.ಜಿ. ಚಿನ್ನವನ್ನು ಬಡ್ಡಿ ಬರುವ ಚಿನ್ನದ ಬಾಂಡಿನಲ್ಲಿ ಹೂಡಿದ್ದು. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಎಂಬ ಮಾತು ಅರಸರಿಗೂ ಸಲ್ಲುತ್ತದೆ.

ಮೆರವಣಿಗೆಯ ರಸ್ತೆಗಳ ತುಂಬ ಒಡೆದ ಗಾಜಿನ ಬಳೆ ಚೂರುಗಳಿದ್ದವು, ಹೆಂಗಸರು ಹತ್ತಿರದವರು ಸತ್ತಂತೆ ಬಳೆ ಒಡೆದುಕೊಂಡರು ಎಂದೂ ನಿಜಾಮರ ಮ್ಯೂಸಿಯಂನವರು ದಾಖಲಿಸಿದ್ದಾರೆ. ಇದನ್ನು ಆಯಿಗೆ ಹೇಳಿದೆ. ಆಕೆ ಸುಳ್ಳು ಎನ್ನಲಿಲ್ಲ. ಅವರ ಅನ್ನ ತಿಂದವರು ಅತ್ತಿರುತ್ತಾರೆ, ಅವರ ದವಾಖಾನೆಯಲ್ಲಿ ಮಗು ಉಳಿಸಿಕೊಂಡವರು ಅತ್ತಿರುತ್ತಾರೆ, ಅದರಲ್ಲಿ ತಪ್ಪೇನಿದೆ ಎಂದಳು. ತನಗೆ ಮಾತ್ರ ಕಣ್ಣೀರು ಬರಲಿಲ್ಲ, ಅದರಲ್ಲೂ ತಪ್ಪಿಲ್ಲ ಎಂದಳು.

ಆ ಫೆಬ್ರುವರಿಯಲ್ಲಿ ಕೆಂಭಾವಿಗೆ ರಜೆ ಇರಲಿಲ್ಲ. ನಾವು ಮೈಸೂರು ರಾಜ್ಯದವರಾಗಿ ಹತ್ತು ವರ್ಷ ಕಳೆದಿತ್ತು. ಚಾಚಾ ತಾನಾಗಿಯೇ ಅಂಗಡಿ ಮುಚ್ಚಿದ್ದ. ಅವನಿಗೆ ನಿಜಾಮರಿಂದ ಒಂದು ರೂಪಾಯಿಯೂ ಬಂದಿರಲಿಲ್ಲ, ಅವರ ಸೋಲಿನಿಂದ ಬಂದ ಕಷ್ಟ ಮಾತ್ರ ಬಂದಿತ್ತು. ಆದರೂ ತನ್ನ ಕಾಲ ಮುಗಿಯಿತು ಎನಿಸಿರಬೇಕು. ಆಯಿಯ ಅಪ್ಪ ಹೋಗಿ ಕಟ್ಟೆಯ ಮೇಲೆ ಕುಳಿತ. ಇಬ್ಬರೂ ಚಹಾ ಕುಡಿದರು. ನಿಜಾಮರ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಆತ ಶೋಕಿಸಲು ಹೋದದ್ದಲ್ಲ, ಶೋಕದಲ್ಲಿದ್ದ ಗೆಳೆಯನ ಹತ್ತಿರ ಹೋದದ್ದು. ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟೇ.

ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು 371ಜೆ ಪ್ರಮಾಣಪತ್ರದಿಂದ. ನಮ್ಮ ಭಾಗ ಹಿಂದುಳಿದಿದೆ ಎಂದು ಸಂವಿಧಾನವೇ ಒಪ್ಪಿಕೊಂಡು ಕೊಟ್ಟ ಸೌಲಭ್ಯ ಅದು. ಹಿಂದುಳಿಯಲು ನಿಜಾಮರ ಆಳ್ವಿಕೆಯೂ ಕಾರಣ, ಅವರು ಹೋದ ಮೇಲಿನ ದಶಕಗಳೂ ಕಾರಣ. ಅವರ ಕೆರೆಗಳನ್ನು ನಾನು ಪಾಠವಾಗಿ ಓದುತ್ತೇನೆ, ಅವರ ಕಾಲದ ಬಂಡಿಯ ಕಥೆಯನ್ನೂ ಮರೆಯುವುದಿಲ್ಲ. ಈ ಸೆಪ್ಟೆಂಬರ್ 17ರಂದು ಕಾಲೇಜಿನಲ್ಲಿ ಮಾತನಾಡಲು ನನ್ನ ಹೆಸರು ಕೊಟ್ಟಿದ್ದೇನೆ. ಐದು ನಿಮಿಷ ಸಿಗುತ್ತದೆ. ಬಂಡಿಯ ಕಥೆ ಹೇಳುತ್ತೇನೆ, ಕೋಣೆಯ ಕಥೆಯನ್ನೂ ಹೇಳುತ್ತೇನೆ.