ದನದ ಕೊಟ್ಟಿಗೆಯಿಂದ ಬಂದ ಮದ್ದು

ನಮ್ಮ ಕಂಬಂ ಕಣಿವೆಯ ಕನ್ನಡದ ಮನೆಗಳಲ್ಲಿ ದನ ಅಂದ್ರೆ ದೇವರು. ಸಿಡುಬಿನ ಕಲೆ ತುಂಬಿದ್ದ ಅಜ್ಜಿಯ ಮುಖ ನೆನೆದಾಗ, ದನದಿಂದಲೇ ಮದ್ದು ಕಂಡ ಎಡ್ವರ್ಡ್ ಜೆನ್ನರ್ ನೆನಪಾಗ್ತಾರೆ. 1749ರಲ್ಲಿ ಇಂಗ್ಲೆಂಡಿನ ಬರ್ಕ್ಲಿಯಲ್ಲಿ ಹುಟ್ಟಿ, ಅಲ್ಲೇ ಡಾಕ್ಟರಾದವರು. ಹಸುವಿನ ಕೆಚ್ಚಲ ಗುಳ್ಳೆ ಕೈಗೆ ತಗುಲಿದವರಿಗೆ ಸಿಡುಬು ಬರೋದಿಲ್ಲ ಎಂಬ ಹಳ್ಳಿಮಾತನ್ನು ಕಡೆಗಣಿಸಲಿಲ್ಲ. 1796ರ ಮೇ 14ರಂದು ಅಂಥ ಗುಳ್ಳೆಯ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಹಾಕಿದರು. ಜುಲೈಯಲ್ಲಿ ಸಿಡುಬಿನ ಕೀವನ್ನೇ ಹಾಕಿದರೂ ಹುಡುಗನಿಗೆ ಏನೂ ಆಗಲಿಲ್ಲ. ತೋಟದ ಗುಡಿಸಲಲ್ಲಿ ಬಡವರಿಗೆ ಪುಕ್ಕಟೆ ದಾಕು ಹಾಕಿದರು. 1823ರಲ್ಲಿ ತೀರಿಕೊಂಡರು.

1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಿದರು. 1985ರಲ್ಲಿ ಅವರ ಮನೆ ಮ್ಯೂಸಿಯಂ ಆಯಿತು. ಕಲೆ ಹೊತ್ತ ಮುಖಗಳು ಈಗ ಅಪರೂಪ. ರೋಗ ಮರೆತವರು ಮಕ್ಕಳಿಗೆ ಸೂಜಿ ಯಾಕೆ ಅಂತಾರೆ. ನಮ್ಮ ತೇನಿಯಲ್ಲೂ ಅಂಥದೊಂದು ಕೋಣೆ ಬೇಕು.